ಬೇಡದವರಿಗೆ ಟೆಸ್ಟೊಸ್ಟಿರೋನ್ ಪರೀಕ್ಷೆ, ಬೇಕಾದವರಿಗೆ ಅರೆಬರೆ ಪರೀಕ್ಷೆ

ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ವಿಟಮಿನ್ ಡಿ ಸಾಲಿಗೆ ಈಗ ಟೆಸ್ಟೊಸ್ಟಿರೋನ್ ಕೂಡ ಬಂದು ಸೇರಿದೆ. ಲ್ಯಾಬಿನವರು ಮನೆ ಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಮೊಬೈಲಿಗೆ ರಿಪೋರ್ಟು ಬರುತ್ತದೆ. ಅದರಲ್ಲೊಂದು ಸಾಲು: ಟೋಟಲ್ ಟೆಸ್ಟೊಸ್ಟಿರೋನ್ 290, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಎಲ್’, ಇಲ್ಲವೇ ಕೆಳಮುಖದ ಒಂದು ಬಾಣ. ಓದುವವನ ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಕೊಲೆಸ್ಟರಾಲ್ ಎದುರಿನ ಬಾಣ ನೋಡಿದರೆ ಎಣ್ಣೆ ಪದಾರ್ಥ ಕಡಿಮೆ ಮಾಡೋಣ ಅಂದುಕೊಂಡು ಸುಮ್ಮನಾಗುವವನು, ಈ ಬಾಣ ನೋಡಿದ ಕೂಡಲೇ ತನ್ನ ಗಂಡಸುತನಕ್ಕೇ ಏನೋ ಆಗಿಹೋಯಿತು ಎಂದು ಕಂಗಾಲಾಗುತ್ತಾನೆ. ಮನೆಯಲ್ಲಿ ಹೇಳುವಂತಿಲ್ಲ, ಗೆಳೆಯರ ಹತ್ತಿರ ಕೇಳುವಂತಿಲ್ಲ. ಉಳಿಯುವುದು ಮೊಬೈಲು. ಅಲ್ಲಿ ಅವನಿಗಾಗಿಯೇ ಕಾದು ಕುಳಿತವರು ಬೇಕಾದಷ್ಟು ಮಂದಿ.

ಈ ಪರೀಕ್ಷೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸರಿಯಾದ ಕಾರಣಕ್ಕೆ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಜೊತೆ ಪರೀಕ್ಷೆಗಳೊಂದಿಗೆ ಮಾಡಿಸಿದರೆ ಅದು ಒಬ್ಬ ಯುವಕನ ಬದುಕನ್ನೇ ದಾರಿಗೆ ತರಬಲ್ಲದು. ಆದರೆ ಇವತ್ತು ನಡೆಯುತ್ತಿರುವುದು ಬೇರೆ. ಯಾವ ಲಕ್ಷಣವೂ ಇಲ್ಲದವರಿಗೆ ಪ್ಯಾಕೇಜಿನ ಹೆಸರಿನಲ್ಲಿ ಪರೀಕ್ಷೆ ಆಗುತ್ತಿದೆ. ನಿಜವಾಗಿ ಲಕ್ಷಣ ಇರುವವರಿಗೆ ಒಂದೇ ಒಂದು ಅಂಕಿ ಕೊಟ್ಟು ಮುಗಿಸಲಾಗುತ್ತಿದೆ. ಎರಡೂ ತಪ್ಪು, ಮತ್ತು ಎರಡೂ ಒಂದೇ ನಂಬಿಕೆಯಿಂದ ಹುಟ್ಟಿದ ತಪ್ಪು: ಒಂದು ಸಲ ತೆಗೆದ ರಕ್ತದಲ್ಲಿ ಸಿಕ್ಕ ಒಂದು ಅಂಕಿ ಗಂಡಸಿನ ಆರೋಗ್ಯದ ಅಳತೆ ಎಂಬ ನಂಬಿಕೆ.

ಮೊದಲು ಆ ‘ನಾರ್ಮಲ್ ರೇಂಜ್’ ಎಲ್ಲಿಂದ ಬರುತ್ತದೆ ನೋಡಬೇಕು. 2017ರಲ್ಲಿ ಅಮೆರಿಕ ಮತ್ತು ಯುರೋಪಿನ ನಾಲ್ಕು ದೊಡ್ಡ ಅಧ್ಯಯನಗಳ ಸುಮಾರು ಒಂಬತ್ತು ಸಾವಿರ ಗಂಡಸರ ಅಳತೆಗಳನ್ನು ಒಂದೇ ಮಾನಕ್ಕೆ ಹೊಂದಿಸಿ ಒಂದು ವ್ಯಾಪ್ತಿ ನಿಗದಿ ಮಾಡಿದರು. ಬೊಜ್ಜಿಲ್ಲದ, 19ರಿಂದ 39 ವರ್ಷದ ಆರೋಗ್ಯವಂತರಲ್ಲಿ ಡೆಸಿಲೀಟರಿಗೆ 264ರಿಂದ 916 ನ್ಯಾನೊಗ್ರಾಂ. ಅಂದರೆ ಇಬ್ಬರು ಪೂರ್ಣ ಆರೋಗ್ಯವಂತ ಯುವಕರ ನಡುವೆ ಮೂರು ಪಟ್ಟಿಗಿಂತ ಹೆಚ್ಚು ಅಂತರ ಇರಬಹುದು. 300 ಇದ್ದವನೂ 850 ಇದ್ದವನೂ ಇಬ್ಬರೂ ಸರಿಯೇ. ಇನ್ನೊಂದು ಮಾತು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಈ ವ್ಯಾಪ್ತಿಯನ್ನು ಕಟ್ಟುವಾಗ ಆರೋಗ್ಯವಂತರಲ್ಲೇ ತೀರ ಕೆಳಗಿನ ಶೇ 2.5 ಮಂದಿಯನ್ನೂ ತೀರ ಮೇಲಿನ ಶೇ 2.5 ಮಂದಿಯನ್ನೂ ಗೆರೆಯಿಂದ ಆಚೆಗೆ ಬಿಟ್ಟಿರುತ್ತಾರೆ. ಆದ್ದರಿಂದ ಸಾವಿರ ಆರೋಗ್ಯವಂತರಿಗೆ ಪರೀಕ್ಷೆ ಮಾಡಿದರೆ ಇಪ್ಪತ್ತೈದು ಮಂದಿಗೆ ಕೆಳಮುಖದ ಬಾಣ ಬಂದೇ ಬರುತ್ತದೆ. ಅವರಿಗೆ ಕಾಯಿಲೆ ಇದೆ ಎಂದಲ್ಲ, ಗೆರೆ ಎಳೆದ ರೀತಿಯೇ ಹಾಗೆ. ಪ್ಯಾಕೇಜು ದೊಡ್ಡದಾದಷ್ಟೂ ಈ ಲೆಕ್ಕ ಇನ್ನೂ ಮೋಜಿನದಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವನಿಗೂ ಒಂದಾದರೂ ಬಾಣ ಬೀಳುವ ಸಂಭವ ಶೇ 64. ಎಂಬತ್ತು ಪರೀಕ್ಷೆಗಳ ಪ್ಯಾಕೇಜು ಮಾಡಿಸಿ ಎಲ್ಲವೂ ನೆಟ್ಟಗೆ ಬಂದರೆ ಅದೇ ಆಶ್ಚರ್ಯ. ಇನ್ನು ನಮ್ಮ ಲ್ಯಾಬುಗಳು ಅಚ್ಚು ಹಾಕುವ ವ್ಯಾಪ್ತಿ ಒಂದರಂತೆ ಒಂದಿಲ್ಲ. ಆಯಾ ಕಿಟ್ಟಿನ ಜೊತೆ ಬಂದ ಕೈಪಿಡಿಯ ಅಂಕಿಯನ್ನೇ ಹಾಕುವುದು ವಾಡಿಕೆ. ಹಾಗಾಗಿ ಅದೇ 290 ಒಂದು ಲ್ಯಾಬಿನಲ್ಲಿ ‘ಕಡಿಮೆ’, ಪಕ್ಕದ ಬೀದಿಯ ಲ್ಯಾಬಿನಲ್ಲಿ ‘ಸರಿ’.

ರಕ್ತ ತೆಗೆದ ಹೊತ್ತು ಇನ್ನೂ ದೊಡ್ಡ ವಿಷಯ. ಟೆಸ್ಟೊಸ್ಟಿರೋನ್ ರಾತ್ರಿ ನಿದ್ದೆಯಲ್ಲಿ ಏರುತ್ತದೆ, ಬೆಳಗಿನ ಹೊತ್ತಿಗೆ ತುದಿ ಮುಟ್ಟುತ್ತದೆ, ಮಧ್ಯಾಹ್ನದ ನಂತರ ಇಳಿಯುತ್ತದೆ. ಮೂವತ್ತು ನಲವತ್ತರ ಆಸುಪಾಸಿನ ಗಂಡಸರಲ್ಲಿ ಸಂಜೆ ನಾಲ್ಕರ ಅಳತೆ ಬೆಳಗಿನ ಎಂಟರ ಅಳತೆಗಿಂತ ಶೇ 20ರಿಂದ 25 ಕಡಿಮೆ ಇರುತ್ತದೆ; ವಯಸ್ಸಾದವರಲ್ಲಿ ಈ ಏರಿಳಿತ ಕುಗ್ಗುತ್ತದೆ. ಅಂದರೆ ಹೊತ್ತಿನ ಎಡವಟ್ಟು ಹೆಚ್ಚು ಹೊಡೆಯುವುದು ಯುವಕರಿಗೇ. ಮೇಲೆ ಹೇಳಿದ 290 ಆಫೀಸಿನಿಂದ ಬಂದ ಮೇಲೆ ನಾಲ್ಕು ಗಂಟೆಗೆ ಕೊಟ್ಟ ರಕ್ತದ್ದಾಗಿದ್ದರೆ, ಬೆಳಿಗ್ಗೆ ಅದೇ ಮನುಷ್ಯನಲ್ಲಿ 360ರಿಂದ 385ರ ಆಸುಪಾಸು ಇದ್ದಿರಬಹುದು. ಊಟವೂ ಲೆಕ್ಕಕ್ಕೆ ಬರುತ್ತದೆ: ಗ್ಲೂಕೋಸ್ ಕುಡಿಸಿ ನೋಡಿದ ಅಧ್ಯಯನದಲ್ಲಿ ಟೆಸ್ಟೊಸ್ಟಿರೋನ್ ಕಾಲು ಭಾಗದಷ್ಟು ಇಳಿದದ್ದು ಕಂಡಿದೆ. ನಿದ್ದೆಯದ್ದು ಇನ್ನೊಂದು ಕತೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರಿಗೆ ಒಂದು ವಾರ ದಿನಕ್ಕೆ ಐದೇ ಗಂಟೆ ನಿದ್ದೆ ಕೊಟ್ಟಾಗ ಹಗಲಿನ ಟೆಸ್ಟೊಸ್ಟಿರೋನ್ ಶೇ 10ರಿಂದ 15 ಕುಸಿದಿತ್ತು. ಹತ್ತು ಜನರ ಅಧ್ಯಯನ ಚಿಕ್ಕದೇ. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡೆರಡು ತಾಸು ಕಳೆದು, ರಾತ್ರಿ ಒಂದರವರೆಗೆ ಅಮೆರಿಕದ ಜೊತೆ ಮೀಟಿಂಗ್ ಮಾಡಿ, ಬೆಳಿಗ್ಗೆ ಆರಕ್ಕೆ ಏಳುವವನ ದಿನಚರಿ ಅದಕ್ಕಿಂತ ಬೇರೆಯೇನಲ್ಲ. ರಾತ್ರಿ ಪಾಳಿಯವರಿಗಂತೂ ಗಡಿಯಾರದ ಬೆಳಿಗ್ಗೆ ಎಂಟಕ್ಕೆ ಅರ್ಥವೇ ಇಲ್ಲ. ಅವರು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ರಕ್ತ ಕೊಡಬೇಕೇ ಹೊರತು ಪಾಳಿ ಮುಗಿಸಿ ಬಂದ ಕೂಡಲೇ ಅಲ್ಲ. ಜ್ವರ, ಡೆಂಗಿ, ಆಪರೇಷನ್ನು, ಇಂಥವು ಆದ ವಾರಗಳಲ್ಲೂ ಈ ಹಾರ್ಮೋನು ತಾತ್ಕಾಲಿಕವಾಗಿ ಇಳಿಯುತ್ತದೆ.

ಇದರಿಂದಲೇ ಅಮೆರಿಕದ ಎಂಡೊಕ್ರೈನ್ ಸೊಸೈಟಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಎರಡು ಮಾತನ್ನು ಒತ್ತಿ ಹೇಳುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆಯಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಅಳೆಯದೆ ಏನನ್ನೂ ತೀರ್ಮಾನಿಸಬಾರದು. ಮೊದಲ ಸಲ ಕಡಿಮೆ ಬಂದವರಲ್ಲಿ ಶೇ 30ರಷ್ಟು ಮಂದಿಗೆ ಎರಡನೇ ಸಲ ಸರಿಯಾಗಿಯೇ ಬರಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಲಕ್ಷಣವಿಲ್ಲದ ಗಂಡಸರಿಗೆಲ್ಲ ಸಾಮೂಹಿಕವಾಗಿ ಈ ಪರೀಕ್ಷೆ ಮಾಡಬೇಡಿ ಎಂದೂ ಅದು ಸ್ಪಷ್ಟವಾಗಿ ಹೇಳಿದೆ. 300 ಎಂಬ ಸ್ವಲ್ಪ ಎತ್ತರದ ಗೆರೆ ಇಟ್ಟುಕೊಂಡಿರುವ ಅಮೆರಿಕದ ಮೂತ್ರರೋಗ ತಜ್ಞರ ಸಂಘವೂ ಎರಡು ಬೇರೆ ಬೇರೆ ದಿನದ ಬೆಳಗಿನ ಅಳತೆ ಬೇಕೆನ್ನುತ್ತದೆ, ಜೊತೆಗೆ ಲಕ್ಷಣ ಇರಲೇಬೇಕೆನ್ನುತ್ತದೆ. ಗೆರೆ ಎಲ್ಲಿರಬೇಕು ಎಂಬುದರಲ್ಲಿ ಜಗಳವಾಡುವ ತಜ್ಞರು ಕೂಡ ಈ ವಿಷಯದಲ್ಲಿ ಜಗಳವಾಡುವುದಿಲ್ಲ. ನಮ್ಮ ಪ್ಯಾಕೇಜಿನವರಿಗೆ ಮಾತ್ರ ಇದು ಕೇಳಿಸಿದಂತಿಲ್ಲ.

ಇನ್ನು ಅಂಕಿಯ ಒಳಗೇ ಇರುವ ತೊಡಕು. ರಕ್ತದಲ್ಲಿರುವ ಟೆಸ್ಟೊಸ್ಟಿರೋನ್‌ನಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಓಡಾಡುವುದು ಶೇ 2ರಷ್ಟು ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ಆಲ್ಬುಮಿನ್‌ಗೆ ಸಡಿಲವಾಗಿ, ಇನ್ನೊಂದು ಪಾಲು ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ ಇರುವವರಲ್ಲಿ ಈ ಪ್ರೋಟೀನು ಕಡಿಮೆಯಾಗುತ್ತದೆ. ಹಾಗಾದಾಗ ‘ಟೋಟಲ್’ ಅಂಕಿ ಇಳಿದು ಕಂಡರೂ ದೇಹಕ್ಕೆ ದಕ್ಕುವ ಹಾರ್ಮೋನು ಸರಿಯಾಗಿಯೇ ಇರಬಹುದು. ಥೈರಾಯ್ಡ್ ಅತಿಯಾದವರಲ್ಲಿ, ಕೆಲವು ಯಕೃತ್ತಿನ ಕಾಯಿಲೆಗಳಲ್ಲಿ ಇದು ತಿರುಗುಮುರುಗು: ಟೋಟಲ್ ಚೆನ್ನಾಗಿ ಕಾಣುತ್ತದೆ, ಒಳಗೆ ಕೊರತೆ ಇರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ಗಂಡಸರಲ್ಲಿ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರು. ಹಾಗಾಗಿ ನಮ್ಮಲ್ಲಿ ಎಸ್‌ಎಚ್‌ಬಿಜಿ ನೋಡದೆ ಟೋಟಲ್ ಒಂದನ್ನೇ ನೋಡಿ ಮಾತಾಡುವುದು ಅಪಾಯ. ಅಂಕಿ ಗಡಿಯ ಹತ್ತಿರ ಇದ್ದರೆ ಎಸ್‌ಎಚ್‌ಬಿಜಿ ಅಳೆದು, ಅದರಿಂದ ಫ್ರೀ ಟೆಸ್ಟೊಸ್ಟಿರೋನ್ ಲೆಕ್ಕ ಹಾಕುವುದು ಒಪ್ಪಿತ ದಾರಿ. ಆದರೆ ಲ್ಯಾಬುಗಳು ಐನೂರೋ ಸಾವಿರವೋ ಹೆಚ್ಚು ತೆಗೆದುಕೊಂಡು ‘ಫ್ರೀ ಟೆಸ್ಟೊಸ್ಟಿರೋನ್’ ಎಂದು ನೇರವಾಗಿ ಕಿಟ್ಟಿನಲ್ಲಿ ಅಳೆದು ಕೊಡುವುದನ್ನು ತಜ್ಞರು ಬಹುಕಾಲದಿಂದ ನಂಬಲರ್ಹವಲ್ಲ ಎನ್ನುತ್ತಿದ್ದಾರೆ. ದುಬಾರಿ ಪರೀಕ್ಷೆ ಎಂದರೆ ಒಳ್ಳೆಯ ಪರೀಕ್ಷೆ ಎಂದು ನಂಬುವವರಿಗೆ ಇದು ಕಹಿ ಮಾತು.

ಅಳೆಯುವ ಯಂತ್ರದ ಮಾತನ್ನೂ ಆಡಿಬಿಡೋಣ. ರಿಪೋರ್ಟಿನಲ್ಲಿ ವಿಧಾನ ಎಂದಿರುವ ಕಡೆ ‘ಸಿಎಲ್‌ಐಎ’ ಅಥವಾ ‘ಇಸಿಎಲ್‌ಐಎ’ ಎಂದಿದ್ದರೆ ಅದು ಪ್ರತಿಕಾಯ ಬಳಸಿ ಅಳೆಯುವ ಕಿಟ್. ಮ್ಯಾಸ್ ಸ್ಪೆಕ್ಟ್ರೊಮೆಟ್ರಿ ಹೆಚ್ಚು ಕರಾರುವಾಕ್ಕು, ಹೆಚ್ಚು ದುಬಾರಿ. ಕಿಟ್‌ಗಳ ನಡುವೆ ಎಷ್ಟು ವ್ಯತ್ಯಾಸ ಬರುತ್ತಿತ್ತೆಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಹಾರ್ಮೋನು ಅಳತೆಗಳನ್ನು ಒಂದು ಮಾನಕ್ಕೆ ತರುವ ಕಾರ್ಯಕ್ರಮವನ್ನೇ ಶುರು ಮಾಡಬೇಕಾಯಿತು. ಯುವಕರಿಗೆ ಹೆಚ್ಚು ತಾಗುವ ತೊಡಕು ಬಯೊಟಿನ್‌ನದು. ಕೂದಲು ಉದುರುತ್ತದೆಂದು ನುಂಗುವ ಮಾತ್ರೆಗಳಲ್ಲಿ ಬಯೊಟಿನ್ ದಂಡಿಯಾಗಿರುತ್ತದೆ. ಬಯೊಟಿನ್-ಸ್ಟ್ರೆಪ್ಟಾವಿಡಿನ್ ಕೊಂಡಿ ಬಳಸುವ ಕಿಟ್‌ಗಳಲ್ಲಿ ಅದು ಟೆಸ್ಟೊಸ್ಟಿರೋನ್ ಅನ್ನು ಇದ್ದದ್ದಕ್ಕಿಂತ ಹೆಚ್ಚಾಗಿಯೂ ಟೆಸ್ಟೊಸ್ಟಿರೋನ್ ತಯಾರಿಸಲು ವೃಷಣಕ್ಕೆ ಹೇಳುವ ಎಲ್‌ಎಚ್ ಹಾರ್ಮೋನನ್ನು ಇದ್ದದ್ದಕ್ಕಿಂತ ಕಡಿಮೆಯಾಗಿಯೂ ತೋರಿಸಬಲ್ಲದು. ಹೊರಗಿನಿಂದ ಟೆಸ್ಟೊಸ್ಟಿರೋನ್ ಚುಚ್ಚಿಕೊಂಡವನ ರಿಪೋರ್ಟು ಇರುವುದೂ ಹೀಗೆಯೇ. ಕೂದಲಿನ ಮಾತ್ರೆ ನುಂಗಿದವನು ವೈದ್ಯರ ಮುಂದೆ ಸ್ಟಿರಾಯ್ಡ್ ತೆಗೆದುಕೊಂಡ ಆರೋಪ ಹೊತ್ತು ಕೂರಬೇಕಾದೀತು. ರಕ್ತ ತೆಗೆಯಲು ಮನೆಗೆ ಬರುವ ಹುಡುಗ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಎಷ್ಟು ಹೊತ್ತಿಗೆ ಮಲಗಿದಿರಿ ಎಂದು ಕೇಳುತ್ತಾನೆಯೇ?

ಹಾಗಾದರೆ ಯಾರಿಗೆ ಈ ಪರೀಕ್ಷೆ ಬೇಕು? ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಕಣ್ಣು ತೆರೆಸುತ್ತದೆ. ‘ಟೆಸ್ಟೊಸ್ಟಿರೋನ್ ಕೊರತೆ’ಯ ಲಕ್ಷಣ ಎಂದು ಹೇಳಲಾಗುವ 32ನ್ನು ಅವರು ಪರಿಶೀಲಿಸಿದರು. ಕೊನೆಗೆ ಹಾರ್ಮೋನಿನ ಕೊರತೆಯೊಂದಿಗೆ ಒಟ್ಟಾಗಿ ಕೂಡಿಬಂದದ್ದು ಮೂರೇ: ಬೆಳಗಿನ ನಿಮಿರುವಿಕೆ ಕಡಿಮೆಯಾಗುವುದು, ಲೈಂಗಿಕ ಆಸೆ ಕುಂದುವುದು, ನಿಮಿರುವಿಕೆಯ ತೊಂದರೆ. ಮೂರೂ ಲಕ್ಷಣ ಇದ್ದು, ಟೋಟಲ್ ಮತ್ತು ಫ್ರೀ ಎರಡೂ ಕಡಿಮೆ ಇದ್ದವರು ಅಷ್ಟು ವಯಸ್ಸಿನವರಲ್ಲೂ ಶೇ 2.1 ಮಾತ್ರ. ಇದು ವಯಸ್ಸಾದವರ ಲೆಕ್ಕ, ನಿಜ. ಆದರೆ ಸುಸ್ತು, ಬೇಸರ, ಕೆಲಸದಲ್ಲಿ ಗಮನವಿಲ್ಲದಿರುವುದು ಇವೆಲ್ಲ ಟೆಸ್ಟೊಸ್ಟಿರೋನ್‌ನ ಕಡೆಗೇ ಬೆರಳು ತೋರಿಸುವುದಿಲ್ಲ ಎಂಬುದು ಯುವಕರಿಗೂ ಅನ್ವಯಿಸುತ್ತದೆ. ನಿದ್ದೆಗೇಡು, ಖಿನ್ನತೆ, ರಕ್ತಹೀನತೆ, ಥೈರಾಯ್ಡ್ ಇವುಗಳಿಂದಲೂ ಅದೇ ಸುಸ್ತು. ನಮ್ಮ ನಾಡಿನಲ್ಲಿ ಈ ಗೊಂದಲಕ್ಕೆ ಹಳೆಯ ಬೇರೊಂದಿದೆ. ಧಾತು ನಷ್ಟವಾಗಿ ಶಕ್ತಿ ಸೋರಿಹೋಗುತ್ತಿದೆ ಎಂಬ ಭಯದಿಂದ ಬಳಲುವ ಯುವಕರ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಬಸ್ ಸ್ಟ್ಯಾಂಡಿನ ಕಾಂಪೌಂಡಿನ ಮೇಲೆ ಬರೆದ ‘ಗುಪ್ತರೋಗ’ದ ಜಾಹೀರಾತು ಬದುಕುತ್ತಿದ್ದದ್ದು ಈ ಭಯದ ಮೇಲೆಯೇ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದ್ದರೂ ಗೋಡೆಯ ಅಕ್ಷರ ಅಳಿಸಲಿಲ್ಲ. ಈಗ ಅದೇ ಭಯಕ್ಕೆ ನ್ಯಾನೊಗ್ರಾಂನ ಅಂಕಿ ಸಿಕ್ಕಿದೆ.

ಇದಕ್ಕೆ ಎದುರಾಗಿ ಹೇಳುವವರ ವಾದಗಳು ಹಗುರವಾದವಲ್ಲ. ಮೊದಲನೆಯದು ಗೆರೆಯ ಎತ್ತರದ್ದು. ಎಪ್ಪತ್ತರ ಅಜ್ಜನಿಗೂ ಇಪ್ಪತ್ತೆರಡರ ಹುಡುಗನಿಗೂ 300 ಎಂಬ ಒಂದೇ ಗೆರೆ ಏಕೆ ಎಂದು ಕೇಳುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳಿಂದ 2022ರಲ್ಲಿ ಪ್ರಕಟವಾದ ಲೇಖನವೊಂದು 20ರಿಂದ 24ರ ವಯಸ್ಸಿಗೆ 409, 25ರಿಂದ 29ಕ್ಕೆ 413, 40ರಿಂದ 44ಕ್ಕೆ 350 ಎಂದು ಬೇರೆ ಬೇರೆ ಗೆರೆ ಸೂಚಿಸಿತು. ವಯಸ್ಸಿಗೆ ತಕ್ಕ ಅಳತೆ ಬೇಕೆಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಆ ಗೆರೆಗಳು ಹುಟ್ಟಿದ್ದು ಹೇಗೆ? ಆಯಾ ವಯಸ್ಸಿನವರನ್ನು ಮೂರು ಸಮ ಪಾಲು ಮಾಡಿ, ನಡುವಿನ ಪಾಲಿನ ಕೆಳ ಅಂಚನ್ನು ಗೆರೆ ಎಂದು ಕರೆದರು. ಅಂದ ಮೇಲೆ ಯುವಕರಲ್ಲಿ ಮೂರರಲ್ಲೊಬ್ಬ ಹುಟ್ಟಾ ‘ಕಡಿಮೆ’ಯವನೇ. ಎತ್ತರ ಅಳೆದು ಊರಿನ ಮೂರನೇ ಒಂದು ಪಾಲು ಜನರನ್ನು ಕುಳ್ಳರೆಂದು ಘೋಷಿಸಬಹುದು, ಅಷ್ಟರಿಂದ ಅವರು ರೋಗಿಗಳಾಗುವುದಿಲ್ಲ. ಆ ಗೆರೆಗಿಂತ ಕೆಳಗಿರುವವರಿಗೆ ಹೆಚ್ಚು ತೊಂದರೆ ಇದೆಯೇ, ಚಿಕಿತ್ಸೆ ಕೊಟ್ಟರೆ ಅವರಿಗೆ ಒಳ್ಳೆಯದಾಗುತ್ತದೆಯೇ ಎಂಬುದನ್ನು ತೋರಿಸಿದ ಮೇಲಷ್ಟೇ ಅದು ವೈದ್ಯಕೀಯ ಗೆರೆ. ಬರೀ ಪಾಲು ಹಾಕಿದ ಲೆಕ್ಕ ಅದನ್ನು ತೋರಿಸಲಾರದು. ವೈದ್ಯರ ಕೈಯಲ್ಲಿ, ಲಕ್ಷಣ ಇರುವ ಇಪ್ಪತ್ತೈದರ ಯುವಕನ 340 ಅನ್ನು ಇನ್ನಷ್ಟು ಗಮನವಿಟ್ಟು ನೋಡಲು ಈ ಅಂಕಿ ನೆರವಾದೀತು. ಜಾಹೀರಾತಿನವರ ಕೈಗೆ ಸಿಕ್ಕರೆ ಇದರಷ್ಟು ಲಾಭದ ಸರಕು ಇನ್ನೊಂದಿಲ್ಲ.

ಎರಡನೆಯ ವಾದ: ತಲೆಮಾರಿನಿಂದ ತಲೆಮಾರಿಗೆ ಗಂಡಸರ ಟೆಸ್ಟೊಸ್ಟಿರೋನ್ ಇಳಿಯುತ್ತಿದೆ, ಆದ್ದರಿಂದ ಎಲ್ಲರೂ ಪರೀಕ್ಷಿಸಿಕೊಳ್ಳಬೇಕು. ಇಳಿಕೆಗೆ ಆಧಾರ ಇದೆ. ಮ್ಯಾಸಚೂಸೆಟ್ಸ್‌ನ ಗಂಡಸರ ಮೇಲಿನ, 2007ರಲ್ಲಿ ಪ್ರಕಟವಾದ ಅಧ್ಯಯನ ಒಂದೇ ವಯಸ್ಸಿನವರಲ್ಲೂ ವರ್ಷದಿಂದ ವರ್ಷಕ್ಕೆ ಇಳಿಕೆ ಕಂಡಿತು. ಕಾರಣ ಎಷ್ಟರಮಟ್ಟಿಗೆ ಬೊಜ್ಜು, ಎಷ್ಟರಮಟ್ಟಿಗೆ ಬೇರೆ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಇಳಿಕೆ ನಿಜವಾಗಿದ್ದರೆ ಅದು ಇಡೀ ಸಮಾಜದ ಆಹಾರ, ನಿದ್ದೆ, ತೂಕ, ಪರಿಸರದ ಪ್ರಶ್ನೆ. ಅದಕ್ಕೆ ಒಬ್ಬೊಬ್ಬನ ತೋಳಿನಿಂದ ರಕ್ತ ತೆಗೆದು ಒಬ್ಬೊಬ್ಬನಿಗೂ ಬಾಣ ಹಂಚುವುದು ಉತ್ತರವಾಗುವುದಿಲ್ಲ. ಇಷ್ಟಕ್ಕೂ ತೂಕದಿಂದ ಇಳಿದದ್ದು ತೂಕ ಇಳಿಸಿದರೆ ಏರುತ್ತದೆ. ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ, ಪಥ್ಯದಿಂದ ತೂಕ ಇಳಿಸಿದವರಲ್ಲಿ ಟೆಸ್ಟೊಸ್ಟಿರೋನ್ ಸರಾಸರಿ 80 ನ್ಯಾನೊಗ್ರಾಂಗೂ ಮಿಕ್ಕಿ ಏರಿತ್ತು. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅದರ ಸುಮಾರು ಮೂರು ಪಟ್ಟು. ಇದನ್ನು ಹೇಳಲು ಯಾರ ರಕ್ತವೂ ಬೇಕಿಲ್ಲ, ಸೊಂಟಕ್ಕೆ ಒಂದು ಟೇಪು ಸಾಕು.

ಮೂರನೆಯ ವಾದ ಎಲ್ಲಕ್ಕಿಂತ ಜನಪ್ರಿಯ: ನನ್ನ ದೇಹ, ನನ್ನ ದುಡ್ಡು, ತಿಳಿದುಕೊಂಡರೆ ಕಳೆದುಕೊಳ್ಳುವುದೇನು? ಬರೀ ತಿಳಿದುಕೊಂಡು ಸುಮ್ಮನಿರುವುದಾದರೆ ಕಳೆದುಕೊಳ್ಳುವುದು ಆ ದುಡ್ಡು ಮಾತ್ರ. ಸುಮ್ಮನಿರುವವರು ಎಷ್ಟು ಮಂದಿ? ಅಂಕಿಯ ಬೆನ್ನಿಗೇ ಚಿಕಿತ್ಸೆಯ ಆಮಿಷ ಬರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಟೆಸ್ಟೊಸ್ಟಿರೋನ್ ಸೇರಿ ಐದು ಪರೀಕ್ಷೆಗಳ ಬಗ್ಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್‌ನಲ್ಲಿ ಬಂದ 982 ಪೋಸ್ಟುಗಳನ್ನು ಜಾಲಾಡಿ 2025ರಲ್ಲಿ ವರದಿ ಮಾಡಿದರು. ಶೇ 87ರಲ್ಲಿ ಪರೀಕ್ಷೆಯ ಲಾಭದ ಮಾತಿತ್ತು, ಹಾನಿಯ ಪ್ರಸ್ತಾಪ ಇದ್ದದ್ದು ಶೇ 15ರಲ್ಲಿ. ಖಾತೆದಾರರಲ್ಲಿ ಶೇ 68 ಮಂದಿಗೆ ಅದರಲ್ಲಿ ಹಣದ ಹಿತಾಸಕ್ತಿ ಇತ್ತು. ಇತ್ತ ಜಿಮ್ಮಿನಲ್ಲಿ ಸ್ಟಿರಾಯ್ಡ್‌ನ ‘ಸೈಕಲ್’ ಹೇಳಿಕೊಡುವವರು, ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಯನ್ನು ಕೈಗೆ ತಂದುಕೊಡುವವರು ನಮ್ಮಲ್ಲೂ ಇದ್ದಾರೆ. ಅಲ್ಲಿಗೆ ಹೋದ ಮೇಲೆ ಆಗುವ ಹಾನಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಯುವಕರಿಗೆ ಇದು ತಿಳಿದಿಲ್ಲ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೊಸ್ಟಿರೋನ್ ತಯಾರಿಸುತ್ತದೆ. ಎಫ್‌ಎಸ್‌ಎಚ್ ಮತ್ತು ವೃಷಣದೊಳಗಿನ ಟೆಸ್ಟೊಸ್ಟಿರೋನ್ ಎರಡೂ ಸೇರಿ ವೀರ್ಯಾಣು ಹುಟ್ಟಿಸುತ್ತವೆ. ಹೊರಗಿನಿಂದ ಟೆಸ್ಟೊಸ್ಟಿರೋನ್ ಬಂದರೆ ಪಿಟ್ಯುಟರಿ ಇದು ಸಾಕಷ್ಟಿದೆ ಎಂದು ಎರಡನ್ನೂ ನಿಲ್ಲಿಸಿಬಿಡುತ್ತದೆ. ದಿನವೂ ಹೋಟೆಲಿನಿಂದ ಊಟ ಬರತೊಡಗಿದರೆ ಮನೆಯ ಒಲೆ ಹಚ್ಚುವವರಿಲ್ಲ, ಹಾಗೆ. ರಕ್ತದಲ್ಲಿ ಅಂಕಿ ಏರುತ್ತದೆ, ವೃಷಣದ ಒಳಗೆ ಬರ. ಇದು ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೊಸ್ಟಿರೋನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪ್ರಯೋಗ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು: ವಾರಕ್ಕೆ 200 ಮಿಲಿಗ್ರಾಂ ತೆಗೆದುಕೊಂಡ 271 ಆರೋಗ್ಯವಂತ ಗಂಡಸರಲ್ಲಿ 157 ಮಂದಿಯ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಯಿತು. ನಿಲ್ಲಿಸಿದ ಮೇಲೆ ಬಹುತೇಕರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಜಿಮ್ಮುಗಳಲ್ಲಿ ವರ್ಷಗಟ್ಟಲೆ ಹೆಚ್ಚಿನ ಪ್ರಮಾಣ ಚುಚ್ಚಿಕೊಂಡವರಲ್ಲಿ ಇನ್ನೂ ತಡ. ರಕ್ತ ಗಟ್ಟಿಯಾಗುವುದು ಇನ್ನೊಂದು ತೊಂದರೆ. ರಕ್ತದಲ್ಲಿ ಕೆಂಪು ಕಣಗಳ ಪಾಲು (ಹೆಮಟೋಕ್ರಿಟ್) ಶೇ 54 ದಾಟಿದರೆ ಚಿಕಿತ್ಸೆ ನಿಲ್ಲಿಸಬೇಕೆಂಬ ನಿಯಮವಿರುವುದು ಅದಕ್ಕೇ. ಮದುವೆಯಾಗಿ ಮಗುವಿಗಾಗಿ ಕಾಯುತ್ತಿರುವವನು ‘ಶಕ್ತಿ ಹೆಚ್ಚಲಿ’ ಎಂದು ತೆಗೆದುಕೊಳ್ಳುವುದು ಗರ್ಭನಿರೋಧಕವನ್ನು. ಇದಕ್ಕಿಂತ ಕ್ರೂರ ವ್ಯಂಗ್ಯ ಇನ್ನೇನು ಬೇಕು?

ಕೊನೆಯ ಆಕ್ಷೇಪ ವೈದ್ಯರದೇ, ಮತ್ತು ನನ್ನ ಮಟ್ಟಿಗೆ ಅತ್ಯಂತ ಗಟ್ಟಿಯಾದದ್ದು. ಎಲ್ಲರಿಗೂ ಪರೀಕ್ಷೆ ಮಾಡದಿದ್ದರೆ ನಿಜವಾದ ಕಾಯಿಲೆಯವರು ತಪ್ಪಿಹೋಗುವುದಿಲ್ಲವೇ? ತಪ್ಪಿಹೋಗುತ್ತಿದ್ದಾರೆ, ನಿಜ. ಒಂದು ಎಕ್ಸ್ ಕ್ರೋಮೊಸೋಮ್ ಹೆಚ್ಚಾಗಿ ಹುಟ್ಟುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಡೆನ್ಮಾರ್ಕಿನಂಥ ಎಲ್ಲ ದಾಖಲೆ ಇಡುವ ದೇಶದಲ್ಲೂ ಇವರಲ್ಲಿ ಕಾಲು ಭಾಗದವರಿಗೆ ಮಾತ್ರ ಬದುಕಿನಲ್ಲಿ ಎಂದಾದರೂ ರೋಗ ಪತ್ತೆಯಾಗುತ್ತದೆ ಎಂದು 2003ರ ಅಧ್ಯಯನ ತೋರಿಸಿತು. ಆದರೆ ಇವರನ್ನು ಹಿಡಿಯಲು ಟೋಟಲ್ ಟೆಸ್ಟೊಸ್ಟಿರೋನ್ ಸರಿಯಾದ ಬಲೆಯಲ್ಲ. ಯೌವನದಲ್ಲಿ ಇವರ ಟೆಸ್ಟೊಸ್ಟಿರೋನ್ ಎಷ್ಟೋ ಸಲ ವ್ಯಾಪ್ತಿಯ ಒಳಗೇ ಇರುತ್ತದೆ. ಏರಿರುವುದು ಎಲ್‌ಎಚ್, ಎಫ್‌ಎಸ್‌ಎಚ್. ಪ್ಯಾಕೇಜಿನ ರಿಪೋರ್ಟು ಇಂಥವನಿಗೆ ‘ಸರಿಯಿದೆ’ ಎಂದು ಹೇಳಿ ಕಳಿಸುತ್ತದೆ. ಇವರನ್ನು ಗುರುತಿಸುವ ಉಪಕರಣ ಹಳೆಯದು, ಅಗ್ಗದ್ದು. ಜ್ಯೂರಿಕ್‌ನ ಆಂಡ್ರಿಯಾ ಪ್ರೇಡರ್ 1966ರಲ್ಲಿ ರೂಪಿಸಿದ ಹನ್ನೆರಡು ಮಣಿಗಳ ಸರ ಅದು, ಮೊಟ್ಟೆಯಾಕಾರದ ಮಣಿಗಳು, 1 ಮಿಲಿಲೀಟರಿನಿಂದ 25ರವರೆಗೆ. ವೈದ್ಯರು ಒಂದು ಕೈಯಲ್ಲಿ ಸರ ಹಿಡಿದು, ಇನ್ನೊಂದು ಕೈಯಲ್ಲಿ ವೃಷಣ ಮುಟ್ಟಿ ಯಾವ ಮಣಿಗೆ ಸರಿಹೊಂದುತ್ತದೆ ನೋಡುತ್ತಾರೆ. ಬೆಳೆದ ಗಂಡಸಿನದು ಸಾಮಾನ್ಯವಾಗಿ 12ಕ್ಕಿಂತ ಮೇಲೆ. ಕ್ಲೈನ್‌ಫೆಲ್ಟರ್‌ನಲ್ಲಿ ಸಣ್ಣ ಮಣಿಗಳಲ್ಲೇ ಮುಗಿಯುತ್ತದೆ. ಎರಡು ನಿಮಿಷದ ಕೆಲಸ. ನಮ್ಮ ಕ್ಲಿನಿಕ್ಕುಗಳಲ್ಲಿ ಅದು ನಡೆಯುವುದಿಲ್ಲ, ಏಕೆಂದರೆ ರೋಗಿಗೂ ಮುಜುಗರ, ವೈದ್ಯರಿಗೂ ಮುಜುಗರ. ಆ ಮುಜುಗರವನ್ನು ಮುಚ್ಚಿಹಾಕಲು ರಕ್ತಪರೀಕ್ಷೆ ಬರೆದುಕೊಡುತ್ತೇವೆ.

ಹದಿನೆಂಟು ದಾಟಿದರೂ ಗಡ್ಡ ಮೀಸೆ ಬಾರದವನು, ದನಿ ಒಡೆಯದವನು, ಹುಟ್ಟಿನಿಂದ ವಾಸನೆಯೇ ತಿಳಿಯದವನು, ಎದೆ ಬೆಳೆದವನು, ಮಗುವಾಗದವನು, ಬೆಳಗಿನ ನಿಮಿರುವಿಕೆ ನಿಂತುಹೋದವನು, ತಲೆನೋವಿನ ಜೊತೆ ದೃಷ್ಟಿಯ ಅಂಚು ಮಸುಕಾದವನು ಇವರಿಗೆ ಒಂದು ಅಂಕಿ ಸಾಲದು. ಬೆಳಗಿನ ಎರಡು ಅಳತೆ, ಎಸ್‌ಎಚ್‌ಬಿಜಿ, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ನೋಡಬೇಕು. ಟೆಸ್ಟೊಸ್ಟಿರೋನ್ ಕಡಿಮೆ ಇದ್ದು ಎಲ್‌ಎಚ್ ಹೆಚ್ಚಿದ್ದರೆ ತೊಂದರೆ ವೃಷಣದಲ್ಲಿ. ಎರಡೂ ಕಡಿಮೆ ಇದ್ದರೆ ಪಿಟ್ಯುಟರಿಯ ಕಡೆ, ಅಥವಾ ಬೊಜ್ಜು, ನೋವಿನ ಕೆಲವು ಮಾತ್ರೆಗಳು, ಹಿಂದೆ ಚುಚ್ಚಿಕೊಂಡ ಸ್ಟಿರಾಯ್ಡ್‌ನ ಕಡೆ. ಈ ಕವಲು ಗೊತ್ತಾಗದೆ ಚಿಕಿತ್ಸೆ ಶುರುವಾದರೆ, ಇಂಜೆಕ್ಷನ್ ಎಲ್‌ಎಚ್‌ ಅನ್ನು ತಗ್ಗಿಸಿ ಸುಳಿವನ್ನೇ ಅಳಿಸಿಹಾಕುತ್ತದೆ. ಪಿಟ್ಯುಟರಿಯಲ್ಲಿ ಗೆಡ್ಡೆ ಇದ್ದು ಅದು ತಿಳಿಯದೆಯೇ ಉಳಿದೀತು. ನಿಜವಾಗಿ ಕೊರತೆ ಇರುವವರಿಗೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಗು ಬೇಕೆನ್ನುವವರಿಗೆ ವೃಷಣವನ್ನು ಮಲಗಿಸದ ಬೇರೆ ಔಷಧಿಗಳೂ ಇವೆ.

ಲ್ಯಾಬುಗಳು ಯುವಕರ ಪ್ಯಾಕೇಜಿನಿಂದ ಈ ಪರೀಕ್ಷೆಯನ್ನು ತೆಗೆದುಹಾಕಬೇಕು, ವೈದ್ಯರ ಚೀಟಿ ತಂದವರಿಗೆ ಮಾಡಬೇಕು. ಬೆಳಿಗ್ಗೆ ಹತ್ತರ ನಂತರ ಇದಕ್ಕಾಗಿ ರಕ್ತ ತೆಗೆಯಬಾರದು. ರಕ್ತ ತೆಗೆದ ಹೊತ್ತು, ಖಾಲಿ ಹೊಟ್ಟೆಯೋ ಅಲ್ಲವೋ, ಅಳೆದ ವಿಧಾನ ಯಾವುದು ಎಂಬುದನ್ನು ಅಂಕಿಯ ಪಕ್ಕದಲ್ಲೇ ಅಚ್ಚು ಹಾಕಬೇಕು. ಕೆಳಮುಖದ ಬಾಣದ ಜೊತೆ ‘ಇನ್ನೊಂದು ಬೆಳಿಗ್ಗೆ ಮತ್ತೆ ಪರೀಕ್ಷಿಸಿ’ ಎಂಬ ಒಂದು ಸಾಲು ಕನ್ನಡದಲ್ಲೂ ಇರಬೇಕು. ಈಗಾಗಲೇ ರಿಪೋರ್ಟು ಕೈಯಲ್ಲಿ ಹಿಡಿದು ನಿದ್ದೆಗೆಟ್ಟಿರುವ ಯುವಕರಿಗೆ ಒಂದು ಮಾತು: ಇಂಜೆಕ್ಷನ್ ತೆಗೆದುಕೊಳ್ಳಿ ಎಂದು ಯಾರೇ ಹೇಳಲಿ, ಎರಡನೇ ಬೆಳಗಿನ ಅಳತೆ, ಎಲ್‌ಎಚ್ ಮತ್ತು ವೀರ್ಯ ಪರೀಕ್ಷೆ ಈ ಮೂರರ ರಿಪೋರ್ಟು ಎಂಡೊಕ್ರೈನಾಲಜಿಸ್ಟರ ಮೇಜಿನ ಮೇಲೆ ಇರುವವರೆಗೆ ತೋಳು ಚಾಚಬೇಡಿ.